ಆಪೂಸಿನ ಹೂವಿಗೆ ಚಳಿಯ ಮುನ್ಸೂಚನೆ ನಂಬಬಹುದೇ?

ಹೋದ ವರ್ಷ ಚಳಿ ಚೆನ್ನಾಗಿರುತ್ತದೆಂಬ ಮುನ್ಸೂಚನೆಯಿದ್ದರೂ ಕೆಲಗೇರಿ ಬಳಿಯ ನಿಮ್ಮ ಆಪೂಸು ಮಾವಿನ ಗಿಡಗಳು ಹೂ ಬಿಡದೆ ಚಿಗುರಿದ್ದಕ್ಕೆ, ನನ್ನ ಅಂದಾಜಿನಲ್ಲಿ, ಹಿಂಗಾರಿನ ಕೊನೆಯ ಮಳೆಯಿಂದ ಮಣ್ಣಿನಲ್ಲಿ ಉಳಿದ ತೇವವೇ ಕಾರಣ. ಹವಾಮಾನ ಇಲಾಖೆ ಡಿಸೆಂಬರ್ ಆರಂಭದಲ್ಲಿ ಕೊಡುವ ಮೂರು ತಿಂಗಳ ಮುನ್ಸೂಚನೆಯು ಕನಿಷ್ಠ ಉಷ್ಣಾಂಶ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬ ಸಂಭವವನ್ನಷ್ಟೇ ಹೇಳುತ್ತದೆ. ನಿಮ್ಮ ತೋಟದ ರಾತ್ರಿಗಳನ್ನಲ್ಲ.

ಆದ್ದರಿಂದ ಮಳೆ ನಿಂತ ಮೇಲೆ ನೀರು ಹಾಯಿಸದೆ, ಗಿಡದ ನೆರಳಿನಲ್ಲಿ ಎದೆಮಟ್ಟಕ್ಕೊಂದು ಥರ್ಮಾಮೀಟರ್ ತೂಗುಹಾಕಿ, ನವೆಂಬರಿನಿಂದ ದಿನಾ ಬೆಳಗಿನ ಕನಿಷ್ಠ ಉಷ್ಣಾಂಶವನ್ನು ಬರೆದಿಡಿ. ಎರಡು ವಾರ ರಾತ್ರಿಗಳು 15 ಡಿಗ್ರಿಯ ಆಸುಪಾಸಿಗೆ ಇಳಿದು, ಎಲೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ಗರಿಗರಿಯಾಗಿ ಮುರಿಯುವಷ್ಟು ಬಲಿತಿದ್ದರೆ ಮಾತ್ರ ಹೂಮೊಗ್ಗು ಒಡೆಯಲೆಂದು ಲೀಟರ್ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿ ಸಿಂಪಡಿಸಿ, ಅದನ್ನೂ ಮೊದಲು ನಾಲ್ಕು ಗಿಡಗಳಿಗೆ. ಚಳಿ ಬಂದಮೇಲೆ ಪ್ಯಾಕ್ಲೊಬ್ಯುಟ್ರಜಾಲ್ (ಚಿಗುರನ್ನು ತಡೆದು ಹೂ ಬರಿಸುವ ರಾಸಾಯನಿಕ) ಕೊಟ್ಟು ಪ್ರಯೋಜನವಿಲ್ಲ. ಅದನ್ನು ಹೂವಿಗೆ ಮೂರ್ನಾಲ್ಕು ತಿಂಗಳು ಮೊದಲೇ ಬುಡಕ್ಕೆ ಹಾಕಬೇಕು.