ಚಾರ್ಜ್ ಒಪ್ಪಿಸದೆ ಮನೆಗೆ ಬಂದವರು

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಅವರು ದುಡಿದ ಇಲಾಖೆಯ ಹೆಸರನ್ನು ಬಿಟ್ಟಿದ್ದೇನೆ. ಅವರನ್ನು ಇಲ್ಲಿ ಶಾರದಾ ಎಂದು ಕರೆಯುತ್ತೇನೆ.

ಶಾರದಾ ಅವರಿಗೆ ಆಗ 49 ವರ್ಷ. ಹಾಸನದ ಕಡೆಯವರು. ಮದುವೆಯಾಗಿ ಗಂಡನ ಜೊತೆ ಅಮೆರಿಕಕ್ಕೆ ಬಂದು, ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ತಾವೂ ಓದಿ ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು, ಪೌರತ್ವ ಸಿಕ್ಕ ನಂತರ ಮೇರಿಲ್ಯಾಂಡ್ ರಾಜ್ಯದಲ್ಲಿರುವ ಒಂದು ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ಕಚೇರಿಯಲ್ಲಿ ಅಂಕಿಅಂಶಗಳ ವಿಶ್ಲೇಷಕಿಯಾಗಿ 13 ವರ್ಷ ದುಡಿದಿದ್ದರು. ಅವರ ತಂದೆ ಊರಿನಲ್ಲಿ ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ವಿಧಾನಸೌಧದ ಹಣೆಯ ಮೇಲೆ ಬರೆದಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಆಡಂಬರವಿಲ್ಲದೆ ನಂಬಿದ ತಲೆಮಾರಿನವರು. ಮಗಳು ಪರದೇಶದಲ್ಲಿದ್ದರೂ ‘ಗೌರ್ಮೆಂಟ್ ಕೆಲಸ’ದಲ್ಲಿದ್ದಾಳೆ ಎಂಬುದು ಅವರಿಗೆ ದೊಡ್ಡ ಸಮಾಧಾನ.

2025ರ ಮಾರ್ಚ್ ಆರಂಭದಲ್ಲಿ ಶಾರದಾ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದರು. ‘ಮೇಡಂ, ನಿದ್ದೆ ಬರುವ ಹಾಗೆ ಮಾಡಿ ಸಾಕು, ಉಳಿದದ್ದನ್ನು ನಾನೇ ನೋಡಿಕೊಳ್ಳುತ್ತೇನೆ’ ಎಂಬುದು ಅವರ ಮೊದಲ ಮಾತು. ರಾತ್ರಿ ಮೂರಕ್ಕೆ ಎಚ್ಚರವಾಗುವುದು, ಕತ್ತಲಲ್ಲೇ ಫೋನ್ ತೆಗೆದು ಯಾವ ನ್ಯಾಯಾಲಯ ಏನು ಹೇಳಿತು ಎಂದು ಹುಡುಕುವುದು, ಮತ್ತೆ ನಿದ್ದೆ ಬಾರದೆ ಅಡುಗೆಮನೆಯಲ್ಲಿ ಕೂರುವುದು, ಇದು ಆರು ವಾರಗಳಿಂದ ನಡೆದಿತ್ತು.

ಆ ಆರು ವಾರಗಳಲ್ಲಿ ಏನಾಗಿತ್ತೆಂಬುದನ್ನು ಇಲ್ಲಿ ಹೇಳದೆ ಪ್ರಕರಣ ಅರ್ಥವಾಗದು. ಜನವರಿ 20ರಂದು ಅಧಿಕಾರ ಸ್ವೀಕರಿಸಿದ ದಿನವೇ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊಸ ನೇಮಕಾತಿಗೆ ತಡೆ ಹಾಕಿದರು, ಮನೆಯಿಂದ ಕೆಲಸ ಮಾಡುವ ವ್ಯವಸ್ಥೆಯನ್ನು ಮುಗಿಸಲು ಸೂಚಿಸಿದರು, ‘ಡೋಜ್’ ಎಂಬ ಹೆಸರಿನ ದಕ್ಷತಾ ಘಟಕವನ್ನು ಕಾರ್ಯಾದೇಶದ ಮೂಲಕ ಸ್ಥಾಪಿಸಿದರು. ಜನವರಿ 28ರಂದು ಸುಮಾರು ಇಪ್ಪತ್ತು ಲಕ್ಷಕ್ಕೂ ಹೆಚ್ಚು ನೌಕರರಿಗೆ ‘ಫೋರ್ಕ್ ಇನ್ ದ ರೋಡ್’ ಎಂಬ ತಲೆಬರಹದ ಇಮೇಲ್ ಬಂತು. ಈಗಲೇ ರಾಜೀನಾಮೆಗೆ ಒಪ್ಪಿದರೆ ಸೆಪ್ಟೆಂಬರ್ 30ರವರೆಗೆ ಸಂಬಳ ಸಿಗುತ್ತದೆ ಎಂಬುದು ಅದರ ಸಾರ, ಉತ್ತರ ಕೊಡಲು ಉಳಿದಿದ್ದದ್ದು ಹತ್ತು ದಿನಕ್ಕೂ ಕಡಿಮೆ. ಶಾರದಾ ಅದನ್ನು ಮೊದಲು ವಂಚಕರ ಇಮೇಲ್ ಎಂದೇ ಭಾವಿಸಿ ಅಳಿಸಲು ಹೊರಟಿದ್ದರಂತೆ. ಆ ಸುತ್ತಿನಲ್ಲಿ ಸುಮಾರು 75,000 ಮಂದಿ ಒಪ್ಪಿಕೊಂಡರು, ಇವರು ಒಪ್ಪಲಿಲ್ಲ. ಫೆಬ್ರವರಿ 11ರ ಕಾರ್ಯಾದೇಶ ಇಲಾಖೆಗಳಿಗೆ ದೊಡ್ಡ ಪ್ರಮಾಣದ ಸಿಬ್ಬಂದಿ ಕಡಿತಕ್ಕೆ ಸಿದ್ಧವಾಗಲು ಹೇಳಿತು, ನಾಲ್ವರು ಹೋದರೆ ಒಬ್ಬರನ್ನು ಮಾತ್ರ ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಅದರಲ್ಲಿತ್ತು. ಅದೇ ವಾರ ಪ್ರೊಬೇಷನ್‌ನಲ್ಲಿದ್ದ ಸಾವಿರಾರು ನೌಕರರನ್ನು ತೆಗೆಯಲಾಯಿತು.

ಹಾಗೆ ತೆಗೆಯಲ್ಪಟ್ಟವರಲ್ಲಿ ಶಾರದಾ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಒಬ್ಬ ಯುವಕನಿದ್ದ. ಅವನ ಕೈಸೇರಿದ ಪತ್ರದಲ್ಲಿ ಕಾರ್ಯನಿರ್ವಹಣೆ ಸಾಲದು ಎಂದಿತ್ತು. ಅವನ ಕಾರ್ಯನಿರ್ವಹಣೆಯನ್ನು ಅಳೆದು ಒಳ್ಳೆಯ ಅಂಕ ಕೊಟ್ಟವರು ಸ್ವತಃ ಶಾರದಾ. ‘ನನ್ನ ಸಹಿ ಸುಳ್ಳಾಯಿತು’ ಎಂದು ಅವರು ಎರಡು ಮೂರು ಬಾರಿ ಹೇಳಿದರು. ಮಾರ್ಚ್ 13ರಂದು ಸ್ಯಾನ್‌ಫ್ರಾನ್ಸಿಸ್ಕೋದ ನ್ಯಾಯಾಧೀಶ ವಿಲಿಯಂ ಆಲ್ಸಪ್ ಈ ಕಾರಣವನ್ನೇ ಬರೀ ನಾಟಕವೆಂದು ಕರೆದು ಆರು ಇಲಾಖೆಗಳ ಪ್ರೊಬೇಷನ್ ನೌಕರರನ್ನು ಮರಳಿ ತೆಗೆದುಕೊಳ್ಳಲು ಆದೇಶಿಸಿದಾಗ ಶಾರದಾ ಅತ್ತರು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತಡೆಹಿಡಿದಾಗ ಅಳಲೂ ಇಲ್ಲ. ಅವರ ಮನಸ್ಸು ನ್ಯಾಯಾಲಯದ ತಕ್ಕಡಿಯ ಜೊತೆ ಮೇಲೆ ಕೆಳಗೆ ಆಡಿ ದಣಿದುಹೋಗಿತ್ತು.

ಹಾಗಾಗಿ ಮೊದಲು ಕೊಟ್ಟ ಸಲಹೆ ಸರಳವಾದದ್ದು. ಸುದ್ದಿಯನ್ನು ದಿನಕ್ಕೆ ಎರಡೇ ಸಲ, ಬೆಳಗಿನ ತಿಂಡಿಯ ನಂತರ ಮತ್ತು ಸಂಜೆ ಆರಕ್ಕೆ ನೋಡಬೇಕು. ಫೋನ್ ಮಲಗುವ ಕೋಣೆಯ ಹೊರಗೆ ಇರಬೇಕು. ಒಂದು ಆದೇಶ ಬಂದರೆ ‘ಇದರಿಂದ ಈ ವಾರ ನಾನು ಮಾಡಬೇಕಾದದ್ದು ಏನಾದರೂ ಬದಲಾಯಿತೇ?’ ಎಂಬ ಒಂದೇ ಪ್ರಶ್ನೆ ಕೇಳಿಕೊಂಡು ಪುಟ ಮುಚ್ಚಬೇಕು. ಮೂರು ವಾರಗಳಲ್ಲಿ ನಿದ್ದೆ ಐದು ಗಂಟೆಗೆ ಏರಿತು. ಗುಳಿಗೆ ಬೇಕಾಗಬಹುದೆಂದು ಅವರ ಕುಟುಂಬ ವೈದ್ಯರಿಗೂ ತೋರಿಸಲು ಹೇಳಿದ್ದೆ, ಬೇಕಾಗಲಿಲ್ಲ.

ಎರಡನೆಯ ಸಲಹೆಯಲ್ಲಿ ನಾನು ಎಡವಿದೆ. ಕೆಲಸದ ಬಗ್ಗೆ ಆತ್ಮವಿಶ್ವಾಸ ಕಳೆದುಕೊಂಡವರಿಗೆ ವಾರದ ಕೊನೆಯಲ್ಲಿ ತಾವು ಮಾಡಿದ ಐದಾರು ಕೆಲಸಗಳನ್ನು ಬರೆದಿಡಲು ಹೇಳುವುದು ನಮ್ಮ ವೃತ್ತಿಯಲ್ಲಿ ರೂಢಿ. ಅದನ್ನು ಹೇಳಿದ ಕೂಡಲೇ ಅವರ ಮುಖ ಕಲ್ಲಾಯಿತು. ಫೆಬ್ರವರಿ 22ರ ಶನಿವಾರ, ಕಳೆದ ವಾರ ಮಾಡಿದ್ದನ್ನು ಐದು ಅಂಶಗಳಲ್ಲಿ ಸೋಮವಾರ ಮಧ್ಯರಾತ್ರಿಯೊಳಗೆ ಬರೆದು ಕಳಿಸಿ ಎಂಬ ಇಮೇಲ್ ಫೆಡರಲ್ ನೌಕರರಿಗೆಲ್ಲ ಬಂದಿತ್ತು. ಉತ್ತರಿಸದಿದ್ದರೆ ರಾಜೀನಾಮೆ ಎಂದೇ ತಿಳಿಯಲಾಗುವುದು ಎಂದು ‘ಡೋಜ್’ನ ಮುಂದಾಳಾಗಿದ್ದ ಇಲಾನ್ ಮಸ್ಕ್ ಸಾರ್ವಜನಿಕವಾಗಿ ಬರೆದಿದ್ದರು. ಆರೋಗ್ಯಕರವಾದ ಒಂದು ಅಭ್ಯಾಸ ಹೀಗೆ ಬೆದರಿಕೆಯ ಬಾಯಲ್ಲಿ ಬಂದು ಕೆಟ್ಟಿತ್ತು. ನಾನು ಕ್ಷಮೆ ಕೇಳಿ ಆ ಅಭ್ಯಾಸವನ್ನು ಕೈಬಿಟ್ಟೆ.

ಆಪ್ತಸಲಹೆಗಾರರು ರಾಜಕೀಯ ಮಾತನಾಡಬಾರದು. ಸರ್ಕಾರ ಎಷ್ಟು ದೊಡ್ಡದಿರಬೇಕೆಂಬುದು ಪ್ರಜೆಗಳು ಚರ್ಚಿಸಿ ತೀರ್ಮಾನಿಸಬೇಕಾದ ನ್ಯಾಯವಾದ ಪ್ರಶ್ನೆ. ಕ್ಲಿಂಟನ್ ಕಾಲದಲ್ಲೂ ಲಕ್ಷಗಟ್ಟಲೆ ಹುದ್ದೆಗಳು ಇಳಿದವು, 1994ರಲ್ಲಿ ಅದಕ್ಕೆಂದೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿ, ತಾವಾಗಿ ಹೋಗುವವರಿಗೆ 25,000 ಡಾಲರ್‌ವರೆಗೆ ಕೊಡುವ ದಾರಿ ತೆರೆದಿತ್ತು. ಆದರೆ ವಿಧಾನದ ಬಗ್ಗೆ ನನ್ನ ವೃತ್ತಿ ಸುಮ್ಮನಿರಲಾರದು. ಈಗ ಶ್ವೇತಭವನದ ಆಯವ್ಯಯ ಕಚೇರಿಯ ಮುಖ್ಯಸ್ಥರಾಗಿರುವ ರಸೆಲ್ ವಾಟ್, ಆ ಹುದ್ದೆಗೆ ಮರಳುವ ಮುನ್ನ ಮಾಡಿದ ಒಂದು ಭಾಷಣದಲ್ಲಿ, ನೌಕರಶಾಹಿಯವರು ಆಘಾತಕ್ಕೊಳಗಾಗಬೇಕು, ಬೆಳಿಗ್ಗೆ ಎದ್ದಾಗ ಕೆಲಸಕ್ಕೆ ಹೋಗಲು ಅವರಿಗೆ ಮನಸ್ಸೇ ಆಗಬಾರದು ಎಂಬರ್ಥದ ಮಾತು ಆಡಿದ್ದರು. ನಾವು ಗುಣಪಡಿಸಲು ಕೂರುವ ಸ್ಥಿತಿಯನ್ನೇ ಒಬ್ಬರು ಆಡಳಿತದ ಗುರಿಯೆಂದು ಹೇಳಿದಾಗ, ನನ್ನೆದುರು ಕೂತವರ ನಿದ್ರಾಹೀನತೆಯನ್ನು ಅವರ ಸ್ವಭಾವದ ದೌರ್ಬಲ್ಯವೆಂದು ಬರೆದುಕೊಳ್ಳುವುದು ಸರಿಯಲ್ಲ. ಇದನ್ನು ಶಾರದಾ ಅವರಿಗೂ ಹೇಳಿದೆ.

ಮನೆಯೊಳಗಿನ ಕಷ್ಟ ಬೇರೆ ಬಗೆಯದು. ಗಂಡ ಖಾಸಗಿ ಕಂಪನಿಯಲ್ಲಿ ಎಂಜಿನಿಯರ್; 2001ರಲ್ಲಿ ವೀಸಾ ಮೇಲಿದ್ದಾಗಲೇ ಕೆಲಸ ಕಳೆದುಕೊಂಡು ಗಡಿಬಿಡಿಯಲ್ಲಿ ಇನ್ನೊಂದು ಹುಡುಕಿದವರು. ‘ನಮ್ಮಲ್ಲಿ ಹತ್ತು ನಿಮಿಷದಲ್ಲಿ ಬ್ಯಾಡ್ಜ್ ಕಿತ್ತುಕೊಂಡು ಕಳಿಸ್ತಾರೆ, ನಿಮ್ಮವರಿಗೆ ಅರವತ್ತು ದಿನದ ನೋಟಿಸ್, ಕೋರ್ಟು, ಯೂನಿಯನ್ನು, ಇನ್ನೇನು ಬೇಕು’ ಎಂದು ಅವರು ಊಟದ ಮೇಜಿನಲ್ಲಿ ಅಂದರಂತೆ. ಒಂದು ಭೇಟಿಗೆ ಅವರನ್ನೂ ಕರೆಸಿದೆ. ಆ ಮಾತಿನಲ್ಲಿ ಕುಹಕಕ್ಕಿಂತ ಹೆಚ್ಚಾಗಿ, ಆಗ ತಮ್ಮ ಭಯವನ್ನು ಯಾರೂ ಕೇಳಲಿಲ್ಲವೆಂಬ ಹಳೆಯ ನೋವಿತ್ತು. ಅದನ್ನು ಹೇಳಿಕೊಂಡ ಮೇಲೆ ಅವರು ವಾದಿಸುವುದನ್ನು ಬಿಟ್ಟು ಲೆಕ್ಕ ಮಾಡಲು ಕೂತರು, ಅದರಿಂದ ನಿಜವಾದ ಉಪಯೋಗವಾಯಿತು.

ಏಪ್ರಿಲ್ ಮಧ್ಯದಲ್ಲಿ ಶಾರದಾ ಅವರ ಘಟಕವನ್ನೇ ರದ್ದುಪಡಿಸುವ ನೋಟಿಸ್ ಬಂತು. ಅಂದೇ ಅವರನ್ನು ಸಂಬಳಸಹಿತ ರಜೆಯ ಮೇಲೆ ಕಳಿಸಿ, ಕಂಪ್ಯೂಟರ್ ಪ್ರವೇಶವನ್ನು ಮಧ್ಯಾಹ್ನದೊಳಗೆ ಮುಚ್ಚಿದರು. ಆ ವಾರ ನಾನು ಮಾಡಿದ ಮುಖ್ಯ ಕೆಲಸ ನೋಟಿಸನ್ನು ಅವರ ಜೊತೆ ಕೂತು ಸಾಲು ಸಾಲಾಗಿ ಓದಿದ್ದು. ಸಿಬ್ಬಂದಿ ಕಡಿತದ ನಿಯಮದಲ್ಲಿ ರದ್ದಾಗುವುದು ಹುದ್ದೆ. ಯಾರು ಉಳಿಯಬೇಕೆಂಬುದನ್ನು ನೇಮಕದ ಬಗೆ, ಮಾಜಿ ಸೈನಿಕರ ಆದ್ಯತೆ, ಸೇವಾವಧಿ, ಕಾರ್ಯನಿರ್ವಹಣೆಯ ಅಂಕ ಇವುಗಳಿಂದ ಅಳೆಯುತ್ತಾರೆ, ಇಡೀ ಘಟಕವೇ ಹೋದಾಗ ಅಳೆಯುವ ಪ್ರಶ್ನೆಯೇ ಏಳುವುದಿಲ್ಲ. ಆ ಕಾಗದದಲ್ಲಿ ಶಾರದಾ ಎಂಬ ವ್ಯಕ್ತಿಯ ಮೇಲೆ ತೀರ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಕೇಳಿದೆ. ಅವರು ಎರಡು ಸಲ ಓದಿ, ಇಲ್ಲ ಎಂದರು.

ಆಮೇಲೆ ಗಂಡ ಹೆಂಡಿರಿಬ್ಬರೂ ಸೇರಿ ಲೆಕ್ಕ ಬರೆದರು. ತಾವಾಗಿ ರಾಜೀನಾಮೆ ಕೊಟ್ಟರೆ ಸೆವೆರೆನ್ಸ್ (ಕೆಲಸದಿಂದ ತೆಗೆದಾಗ ಕೊಡುವ ಪರಿಹಾರ) ಹಣ ಇಲ್ಲ. ಕಡಿತದಲ್ಲಿ ಹೋದರೆ ಮೊದಲ ಹತ್ತು ವರ್ಷಕ್ಕೆ ವರ್ಷಕ್ಕೊಂದು ವಾರದ, ನಂತರದ ಪ್ರತಿ ವರ್ಷಕ್ಕೆ ಎರಡು ವಾರದ ಸಂಬಳ. ಇವರ 13 ವರ್ಷಕ್ಕೆ 16 ವಾರ. ನಲವತ್ತು ದಾಟಿದ ಪ್ರತಿ ಮೂರು ತಿಂಗಳಿಗೆ ಶೇ 2.5 ಸೇರುವುದರಿಂದ, 49ರ ಇವರಿಗೆ ಅದು ಶೇ 90 ಏರಿ ಮೂವತ್ತು ವಾರ ದಾಟುತ್ತದೆ. ಪಿಂಚಣಿ ತಕ್ಷಣ ಸಿಗದು, ಏಕೆಂದರೆ ಬಲವಂತದ ನಿವೃತ್ತಿಗೆ 50 ವಯಸ್ಸು ಮತ್ತು 20 ವರ್ಷದ ಸೇವೆ, ಇಲ್ಲವೇ ಯಾವ ವಯಸ್ಸಾದರೂ 25 ವರ್ಷದ ಸೇವೆ ಬೇಕು. ಆದರೆ ಕಟ್ಟಿದ ಹಣವನ್ನು ಹಿಂತೆಗೆದುಕೊಳ್ಳದೆ ಬಿಟ್ಟರೆ 62ಕ್ಕೆ 13 ವರ್ಷದ ಪಾಲು ಖಂಡಿತ ಸಿಗುತ್ತದೆ. ಆರೋಗ್ಯ ವಿಮೆ 31 ದಿನ ಉಚಿತವಾಗಿ ಮುಂದುವರಿಯುತ್ತದೆ, ಆ ಮೇಲೆ ಪೂರ್ಣ ಕಂತನ್ನು ತಾವೇ ಕಟ್ಟಬೇಕು. ಅದರ ಬದಲು ಗಂಡನ ಕಂಪನಿಯ ವಿಮೆಗೆ ಸೇರಲು ಸಾಮಾನ್ಯವಾಗಿ 30 ದಿನದೊಳಗೆ ಅರ್ಜಿ ಹಾಕಬೇಕು. ಕಡಿತವನ್ನು ಪ್ರಶ್ನಿಸುವುದಾದರೆ ಅದು ಜಾರಿಯಾದ 30 ದಿನದೊಳಗೆ ಫೆಡರಲ್ ನೌಕರರ ಮೇಲ್ಮನವಿ ಕೇಳುವ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್‌ಗೆ ಮೇಲ್ಮನವಿ. ಇವು ವಕೀಲರೂ ಪಿಂಚಣಿ ಸಲಹೆಗಾರರೂ ಖಚಿತಪಡಿಸಬೇಕಾದ ವಿಷಯಗಳು, ಹಾಗೆಂದೇ ಅವರಲ್ಲಿಗೆ ಕಳಿಸಿದೆ. ಆದರೂ ರಾತ್ರಿ ಮೂರರ ಭಯಕ್ಕೆ ತಾರೀಖು ಹಾಕಿದ ಒಂದು ಹಾಳೆ ಕೊಡುವ ಧೈರ್ಯವನ್ನು ನನ್ನ ಉಸಿರಾಟದ ಅಭ್ಯಾಸಗಳು ಕೊಟ್ಟಿರಲಿಲ್ಲ.

ಮೇ 9ರಂದು ನ್ಯಾಯಾಧೀಶೆ ಸೂಸನ್ ಇಲ್‌ಸ್ಟನ್ ಹಲವು ಇಲಾಖೆಗಳ ಕಡಿತವನ್ನು ನಿಲ್ಲಿಸಿದರು. ಶಾರದಾ ಅವರಿಗೆ ಸಂಬಳ ಬರುತ್ತಿತ್ತು, ಕೆಲಸ ಇರಲಿಲ್ಲ. ಬೆಳಿಗ್ಗೆ ಹಳೆಯ ಹೊತ್ತಿಗೇ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮುಚ್ಚಿದ ಲ್ಯಾಪ್‌ಟಾಪ್ ಎದುರು ಕೂರುತ್ತಿದ್ದರು. ಜುಲೈ 8ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವು ಮಾಡಿತು, ಕೆಲವು ವಾರಗಳಲ್ಲಿ ಅವರ ಸೇವೆ ಕೊನೆಗೊಂಡಿತು. ಈ ಅವಧಿಯಲ್ಲಿ ನಾನು ಪದೇ ಪದೇ ಹೇಳಿದ್ದು ಒಂದೇ: ತೀರ್ಪು ಬರುವವರೆಗೆ ಬದುಕನ್ನು ತಡೆಹಿಡಿಯುವುದು ಬೇಡ, ಕಡಿತ ಆಗಿಯೇ ತೀರುತ್ತದೆ ಎಂದು ಲೆಕ್ಕ ಹಾಕಿ ಅರ್ಜಿಗಳನ್ನು ಶುರುಮಾಡಿ, ಉಳಿದರೆ ಅದು ಲಾಭ. ಅವರು ಎರಡು ಕಾಲೇಜುಗಳಿಗೂ ಒಂದು ರಾಜ್ಯ ಸರ್ಕಾರದ ಇಲಾಖೆಗೂ ಅರ್ಜಿ ಹಾಕಿದರು.

ಒಂದು ವಿಷಯವನ್ನು ಮಾತ್ರ ಅವರು ಮುಂದೂಡುತ್ತಲೇ ಬಂದಿದ್ದರು, ತಂದೆಗೆ ಹೇಳುವುದು. ಪ್ರತಿ ಭಾನುವಾರದ ಕರೆಯಲ್ಲಿ ಆಫೀಸಿನ ಮಾತು ಬಂದರೆ ‘ನಡೀತಿದೆ ಅಪ್ಪ’ ಎನ್ನುತ್ತಿದ್ದರು. ವಯಸ್ಸಾದವರಿಗೆ ಆಘಾತವಾಗುತ್ತದೆಂಬುದು ಅವರ ಕಾರಣ. ನನಗೆ ಅದು ಅರ್ಧ ಮಾತ್ರ ನಿಜವೆನಿಸಿತು. ತಂದೆಯ ಕಣ್ಣಲ್ಲಿ, ಸರ್ಕಾರಿ ಕೆಲಸದಿಂದ ಯಾರನ್ನಾದರೂ ತೆಗೆದರೆ ಅವರು ಏನೋ ತಪ್ಪು ಮಾಡಿರಲೇಬೇಕು, ಲಂಚವೋ ಹಣದ ದುರುಪಯೋಗವೋ. ಆ ಅನುಮಾನದ ನೆರಳು ತಮ್ಮ ಮೇಲೆ ಬೀಳುವುದನ್ನು ಶಾರದಾ ತಡೆಯಲಾರರಾಗಿದ್ದರು. ಒಂದು ಭೇಟಿಯಲ್ಲಿ ನಾವು ಆ ಕರೆಯನ್ನು ಅಭ್ಯಾಸ ಮಾಡಿದೆವು. ಸಿಬ್ಬಂದಿ ಕಡಿತ ಎಂಬುದಕ್ಕೆ ಗ್ರಾಮ ಲೆಕ್ಕಿಗರಿಗೆ ಅರ್ಥವಾಗುವ ಮಾತು ಯಾವುದೆಂದು ಹುಡುಕಿ, ಕೊನೆಗೆ ‘ಹುದ್ದೇನೇ ರದ್ದು ಮಾಡಿದ್ರು ಅಪ್ಪ, ನನ್ನ ಮೇಲೆ ಏನೂ ಬಂದಿಲ್ಲ’ ಎಂಬಲ್ಲಿಗೆ ಬಂದೆವು.

ಕರೆ ಮಾಡಿದ ನಂತರದ ಭೇಟಿಗೆ ಅವರು ಬೇರೆಯೇ ಮುಖ ಹೊತ್ತು ಬಂದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಿಂಚಣಿ ಏನಾಯಿತೆಂದು ಕೇಳಿದರಂತೆ. ಇವರು ಹಾಳೆ ನೋಡಿ ಎಲ್ಲ ಹೇಳಿದರು. ಆಮೇಲೆ, ‘ಆಯ್ತು ಕಣಮ್ಮ, ಚಾರ್ಜ್ ಯಾರಿಗೆ ಕೊಟ್ಟು ಬಂದೆ?’ ಎಂದರು. ಈ ಪ್ರಶ್ನೆಗೆ ಶಾರದಾ ಅವರಲ್ಲಿ ಉತ್ತರವಿರಲಿಲ್ಲ. ಒಬ್ಬ ನೌಕರ ಎದ್ದು ಹೋಗುವಾಗ ಕಡತ, ಬೀಗದ ಕೈ, ಬಾಕಿ ಕೆಲಸದ ಪಟ್ಟಿ ಎಲ್ಲವನ್ನೂ ಇನ್ನೊಬ್ಬರಿಗೆ ಒಪ್ಪಿಸಿ ಸಹಿ ಪಡೆಯದೆ ಹೋಗುವುದನ್ನು ಅವರ ತಂದೆಗೆ ಊಹಿಸಲೂ ಆಗುತ್ತಿರಲಿಲ್ಲ. ‘ಯಾರಿಗೂ ಕೊಡಲಿಲ್ಲ ಮೇಡಂ, ಕೊಡೋಕೆ ಯಾರೂ ಇರಲಿಲ್ಲ’ ಎಂದು ನನ್ನ ಮುಂದೆ ಅವರು ತುಂಬ ಹೊತ್ತು ಅತ್ತರು. ನಾಲ್ಕು ತಿಂಗಳು ನಾನು ಅವಮಾನ, ಭಯ, ಹಣ ಎಂದು ಹುಡುಕುತ್ತಿದ್ದ ನೋವಿನ ಬುಡ ಎಲ್ಲಿದೆಯೆಂದು ಆ ಹಿರಿಯರು ಒಂದು ಕಚೇರಿಯ ಮಾತಿನಲ್ಲಿ ತೋರಿಸಿಬಿಟ್ಟಿದ್ದರು.

ನಾನು ಕೊಟ್ಟ ಕೊನೆಯ ಸಲಹೆ ಅಲ್ಲಿಂದಲೇ ಬಂದದ್ದು. ಯಾರೂ ಕೇಳದಿದ್ದರೂ ಚಾರ್ಜ್ ಪಟ್ಟಿ ಬರೆಯಿರಿ ಎಂದೆ. ಗೋಪ್ಯವಾದ ಒಂದಕ್ಷರವೂ ಅದರಲ್ಲಿ ಇರಬಾರದು, ಸಾರ್ವಜನಿಕವಾಗಿ ಪ್ರಕಟವಾದ ದತ್ತಾಂಶಗಳ ಬಗ್ಗೆ ಮಾತ್ರ ಇರಲಿ: ಯಾವ ಕೋಷ್ಟಕದಲ್ಲಿ ಯಾವ ವರ್ಷದ ವ್ಯಾಖ್ಯೆ ಬದಲಾಗಿದೆ, ಎಲ್ಲಿ ಎಚ್ಚರ ವಹಿಸಬೇಕು, ಯಾವ ತಿದ್ದುಪಡಿ ಅರ್ಧಕ್ಕೆ ನಿಂತಿದೆ. ಆಗಸ್ಟ್ ಪೂರ್ತಿ ಅವರು ಅದನ್ನು ಬರೆದರು. ಇಲಾಖೆಯಲ್ಲಿ ಉಳಿದಿದ್ದ ಒಬ್ಬ ಹಿರಿಯ ಸಹೋದ್ಯೋಗಿಗೆ ಕಳಿಸಿದರು, ಅವರಿಂದ ಒಂದು ಸಾಲಿನ ಧನ್ಯವಾದ ಬಂತು. ಪ್ರೊಬೇಷನ್‌ನಲ್ಲಿ ತೆಗೆಯಲ್ಪಟ್ಟಿದ್ದ ಯುವಕನಿಗೂ, ಅವನ ಕೆಲಸದ ಬಗ್ಗೆ ತಾವು ನಿಜವಾಗಿ ಬರೆದದ್ದು ಏನೆಂದು ತಿಳಿಸುವ ಶಿಫಾರಸು ಪತ್ರವೊಂದನ್ನು ಕೊಟ್ಟರು.

ಕೊನೆಯ ಭೇಟಿಗೆ ಆ ಪಟ್ಟಿಯ ಒಂದು ಪ್ರತಿಯನ್ನು ತಂದಿದ್ದರು. ಒಂಬತ್ತು ಪುಟ, ಇಂಗ್ಲಿಷಿನಲ್ಲಿ. ಕೊನೆಯ ಪುಟದಲ್ಲಿ ಮಾತ್ರ ಎರಡು ಗೆರೆ ಎಳೆದು ಕನ್ನಡದಲ್ಲಿ ‘ಒಪ್ಪಿಸಿದವರು’, ‘ಒಪ್ಪಿಸಿಕೊಂಡವರು’ ಎಂದು ಬರೆದಿದ್ದರು. ಮೊದಲನೆಯದರ ಮೇಲೆ ಅವರ ಸಹಿಯೂ ತಾರೀಖೂ ಇತ್ತು, ಎರಡನೆಯದು ಖಾಲಿ ಇತ್ತು. ತಂದೆಗೆ ಇದರ ಫೋಟೋ ಕಳಿಸಿದ್ದೇನೆ ಎಂದರು.