ಮೇಲಕ್ಕೆ ಎಸೆದ ಚೆಂಡಿನಲ್ಲಿ ಕೈಯ ಬಲ ಉಳಿದಿರುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಚೆಂಡನ್ನು ನೇರ ಮೇಲಕ್ಕೆ ಎಸೆದರೆ, ಕೈ ಬಿಟ್ಟ ಮೇಲೂ ಅದು ಏರುತ್ತಲೇ ಇರುತ್ತದೆ. ಅಂದರೆ ಮೇಲಕ್ಕೆ ತಳ್ಳುವ ಬಲ ಇನ್ನೂ ಅದರಲ್ಲಿ ಇರಬೇಕು ಅಲ್ವಾ? ತುದಿ ಮುಟ್ಟಿದಾಗ ಬಲ ಸೊನ್ನೆ ಆಗುತ್ತದೆ ಅಲ್ವಾ?

ಎರಡೂ ಅಲ್ಲ. ಕೈ ಬಿಟ್ಟ ಕ್ಷಣದಿಂದ ಮತ್ತೆ ಕೈಗೆ ಬೀಳುವವರೆಗೆ ಚೆಂಡಿನ ಮೇಲೆ ಇರುವುದು ಭೂಮಿಯ ಎಳೆತ ಮಾತ್ರ, ಅದೂ ಕೆಳಕ್ಕೆ. ಏರುವಾಗ, ತುದಿಯಲ್ಲಿ, ಇಳಿಯುವಾಗ, ಎಲ್ಲಾ ಕಡೆ ಅಷ್ಟೇ. ಗಾಳಿಯ ತಡೆ ಸ್ವಲ್ಪ ಇದೆ, ಸದ್ಯಕ್ಕೆ ಅದನ್ನು ಬಿಡೋಣ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಚೆಂಡಿನ ಚಿತ್ರ ಬರೆದು ಬಲದ ಬಾಣ ಹಾಕಿ ಅಂದರೆ ಜಾಣ ಮಕ್ಕಳೂ ಮೇಲಕ್ಕೊಂದು ಬಾಣ ಹಾಕಿ ‘ಎಸೆದ ಬಲ’ ಎಂದು ಬರೆಯುತ್ತಾರೆ. ಆಗ ನಾನು ಕೇಳುವುದು ಒಂದೇ: ಈ ಬಲ ಯಾರು ಕೊಡ್ತಿದ್ದಾರೆ? ಬಲ ಅಂದರೆ ಒಂದು ವಸ್ತು ಇನ್ನೊಂದನ್ನು ತಳ್ಳುವುದು, ಇಲ್ಲವೇ ಎಳೆಯುವುದು. ಕೊಡುವವರಿಲ್ಲದೆ ಬಲ ಇಲ್ಲ. ಕೈ ಆಗಲೇ ಚೆಂಡನ್ನು ಬಿಟ್ಟಾಗಿದೆ. ಭೂಮಿ ಎಳೆಯುವುದು ಕೆಳಕ್ಕೆ. ಮೇಲಿನ ಬಾಣಕ್ಕೆ ವಾರಸುದಾರರೇ ಇಲ್ಲ. ಅದನ್ನು ಅಳಿಸಿಬಿಡಿ.

ಲೆಕ್ಕ ಹಾಕಿ ನೋಡೋಣ. 160 ಗ್ರಾಂನ ಕ್ರಿಕೆಟ್ ಚೆಂಡು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕೈ ಬಿಟ್ಟಿತು ಅನ್ನಿ. ಭೂಮಿಯ ಎಳೆತದಿಂದ ಆ ವೇಗ ಪ್ರತಿ ಸೆಕೆಂಡಿಗೆ 9.8ರಷ್ಟು ಬದಲಾಗುತ್ತದೆ. ಸುಲಭಕ್ಕೆ 10 ಅಂತ ಇಟ್ಟುಕೊಳ್ಳಿ. ಅರ್ಧರ್ಧ ಸೆಕೆಂಡಿಗೆ ವೇಗ ಹೀಗಿರುತ್ತದೆ: ಮೇಲಕ್ಕೆ 10, ಮೇಲಕ್ಕೆ 5, ಸೊನ್ನೆ, ಕೆಳಕ್ಕೆ 5, ಕೆಳಕ್ಕೆ 10. ಪ್ರತಿ ಸಲವೂ ಅದೇ 5ರ ಬದಲಾವಣೆ. ಸೊನ್ನೆಯ ಹತ್ತಿರವೂ ಅದು ತಪ್ಪಿಲ್ಲ. ತುದಿಯಲ್ಲಿ ಬಲವೂ ಸೊನ್ನೆ ಆಗಿದ್ದರೆ? ವೇಗ ಇಲ್ಲ, ವೇಗ ಬದಲಿಸಲು ಬಲವೂ ಇಲ್ಲ. ಚೆಂಡು 5 ಮೀಟರ್ ಎತ್ತರದಲ್ಲಿ ಹಾಗೇ ನಿಂತುಬಿಡಬೇಕಿತ್ತು! ಅದು ಕೆಳಗೆ ಬರುತ್ತದೆ, ಯಾಕೆಂದರೆ ಅಲ್ಲೂ ಸುಮಾರು 1.6 ನ್ಯೂಟನ್ ಎಳೆತ ಇದ್ದೇ ಇದೆ.

ಹಾಗಾದರೆ ಕೈ ಮಾಡಿದ್ದೇನು? ಅರ್ಧ ಮೀಟರಿನಷ್ಟು ದೂರ ಚೆಂಡಿಗೆ ಅಂಟಿಕೊಂಡೇ ಅದನ್ನು ಸುಮಾರು 17-18 ನ್ಯೂಟನ್ ಬಲದಿಂದ ದೂಡಿತು. ಅದರಿಂದ ಚೆಂಡಿಗೆ ವೇಗ ಬಂತು. ಚೆಂಡು ತೆಗೆದುಕೊಂಡು ಹೋದದ್ದು ಆ ವೇಗವನ್ನು. ಬಲ ಕೈಯ ಜೊತೆಗೇ ಮುಗಿಯಿತು.

ನಿಮಗೆ ಹೀಗೆ ಅನ್ನಿಸಿದ್ದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ತತ್ವಜ್ಞಾನಿ ಫಿಲೊಪೊನಸ್, 14ನೇ ಶತಮಾನದಲ್ಲಿ ಪ್ಯಾರಿಸ್ಸಿನ ತತ್ವಜ್ಞಾನಿ ಬುರಿಡಾನ್ ಕೂಡ ಎಸೆದವರು ವಸ್ತುವಿನೊಳಗೆ ಏನೋ ಒಂದು ಶಕ್ತಿ ತುಂಬುತ್ತಾರೆ ಅಂತಲೇ ಹೇಳಿದ್ದರು. ನ್ಯೂಟನ್ ತನ್ನ ಚಲನೆಯ ನಿಯಮಗಳನ್ನು ಪ್ರಕಟಿಸಿದ್ದು ಅದಕ್ಕೂ ಎಷ್ಟೋ ನಂತರ, 1687ರಲ್ಲಿ.

ನಮ್ಮನ್ನು ದಾರಿ ತಪ್ಪಿಸುವುದು ಘರ್ಷಣೆ. ಬೀರು ತಳ್ಳುವುದು ಬಿಟ್ಟರೆ ಬೀರು ನಿಲ್ಲುತ್ತದೆ. ಅದಕ್ಕೇ ಚಲನೆ ಇರಬೇಕಾದರೆ ಬಲ ಬೇಕೇ ಬೇಕು ಅಂತ ಚಿಕ್ಕಂದಿನಿಂದ ಮನಸ್ಸಿನಲ್ಲಿ ಕೂತುಬಿಡುತ್ತದೆ. ಕೇರಂ ಬೋರ್ಡ್ ಇದ್ದರೆ ಪೌಡರ್ ಇಲ್ಲದೆ ಸ್ಟ್ರೈಕರ್ ಮೆಲ್ಲಗೆ ಹೊಡೆಯಿರಿ, ಬೇಗ ನಿಲ್ಲುತ್ತದೆ. ಪೌಡರ್ ಹಾಕಿ ಅಷ್ಟೇ ಮೆಲ್ಲಗೆ ಹೊಡೆಯಿರಿ, ಜಾಸ್ತಿ ದೂರ ಜಾರುತ್ತದೆ. ಬೆರಳು ಎರಡು ಸಲವೂ ಒಂದೇ ಕೆಲಸ ಮಾಡಿತು. ಕಡಿಮೆಯಾದದ್ದು ಬೋರ್ಡಿನ ತಡೆ. ಆ ತಡೆ ಪೂರ್ತಿ ಇಲ್ಲದಿದ್ದರೆ ಸ್ಟ್ರೈಕರ್ ಬದಿಗೆ ಬಡಿಯುವವರೆಗೂ ಅದೇ ವೇಗದಲ್ಲಿ ಹೋಗುತ್ತಿತ್ತು.

ಇನ್ನು ಮೇಲೆ ಬಾಣ ಹಾಕುವಾಗ ಪ್ರತಿಯೊಂದರ ಪಕ್ಕ ‘ಯಾರಿಂದ, ಯಾರ ಮೇಲೆ’ ಅಂತ ಬರೆಯಿರಿ. ಈ ಚೆಂಡಿಗೆ ‘ಭೂಮಿಯಿಂದ, ಚೆಂಡಿನ ಮೇಲೆ’ ಅಂತ ಒಂದೇ ಬಾಣ ಬರುತ್ತದೆ. ಮೇಜಿನ ಮೇಲಿಟ್ಟ ಪುಸ್ತಕಕ್ಕೆ ಎಷ್ಟು ಬಾಣ, ಯಾರ್ಯಾರಿಂದ? ಬರೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.