ಎಂಟು ತಿಂಗಳ ಕೂಸಿಗೆ ಕಾಯಿಲ್, ಲಿಕ್ವಿಡ್ ಬಳಸದೆ ಸೊಳ್ಳೆ ಕಾಟ ತಪ್ಪಿಸುವುದು ಹೇಗೆ? ಬೇವಿನೆಣ್ಣೆ ಒಳ್ಳೆಯದೋ, ಕರ್ಪೂರವೋ?

ಎರಡೂ ಬೇಡ. ರಾತ್ರಿಯೆಲ್ಲ ಪರದೆಯೊಳಗೆ ಮಲಗಿದ ಕೂಸಿಗೆ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಕಾಲ ಗಂಟಿನ ಸುತ್ತ ಕೆಂಪು ಗುಳ್ಳೆ ಏಳುತ್ತವೆ ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಎದೆ ಝಲ್ಲೆಂದಿತು. ನಮ್ಮ ಮನೆಯಲ್ಲಿ ಡೆಂಗಿ ಹೊಕ್ಕಿದ್ದೂ ಹೀಗೇ.

ಹುಬ್ಬಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಓಣಿಗೆ ಎಂಟು ದಿನಕ್ಕೊಮ್ಮೆ ನಳದ ನೀರು ಬರುತ್ತಿತ್ತು. ಬಚ್ಚಲ ಪಕ್ಕ 200 ಲೀಟರಿನ ಎರಡು ನೀಲಿ ಡ್ರಮ್ಮು ಇಟ್ಟಿದ್ದೆವು. ನೀರು ನಿಂತರೆ ಸೊಳ್ಳೆ ಅನ್ನುವುದು ನನಗೂ ಗೊತ್ತಿತ್ತು. ಅದಕ್ಕೇ ನೀರು ಬರುವ ದಿನ ತಳದಲ್ಲಿ ಉಳಿದದ್ದನ್ನು ಚೆಲ್ಲಿ ಹೊಸ ನೀರು ತುಂಬುತ್ತಿದ್ದೆ. ಒಂದು ವಾರವೂ ತಪ್ಪಿಸಿದವಳಲ್ಲ. ಆದರೂ ಮಗಳಿಗೆ ಡೆಂಗಿ ಬಂತು, ಐದು ರಾತ್ರಿ ಆಸ್ಪತ್ರೆಯಲ್ಲಿ ಕಳೆದೆವು. ತಪ್ಪು ಎಲ್ಲಿತ್ತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಇದೊಂದು ತಿಳಿದರೆ ಉಳಿದದ್ದು ಅರ್ಧ ಕೆಲಸ.

ನಾನು ನೀರು ಚೆಲ್ಲುತ್ತಿದ್ದೆ, ಡ್ರಮ್ಮಿನ ಗೋಡೆ ಉಜ್ಜುತ್ತಿರಲಿಲ್ಲ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮೇಲೆ ಮೊಟ್ಟೆ ಇಡುವುದಿಲ್ಲ. ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ ಅಂಟಿಸುತ್ತದೆ. ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆ, ಅದನ್ನೂ ಒಂದೇ ಕಡೆ ಇಡದೆ ನಾಲ್ಕಾರು ಪಾತ್ರೆಗಳಿಗೆ ಹಂಚುತ್ತದೆ. ಡ್ರಮ್ಮಿನ ನೀರು ದಿನಾ ಬಳಸುತ್ತಾ ಇಳಿದಂತೆ ಗೋಡೆಯ ಮೇಲೆ ಹೊಸ ಒದ್ದೆ ಪಟ್ಟಿ ತೆರೆದುಕೊಳ್ಳುತ್ತದೆ, ಅಲ್ಲೆಲ್ಲ ಮೊಟ್ಟೆ ಕೂರುತ್ತದೆ. ಆ ಮೊಟ್ಟೆ ಒಣಗಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ನೀರು ಏರಿ ಅದನ್ನು ಮುಳುಗಿಸಿದಾಗ ಒಡೆದು ಮರಿ ಹೊರಬರುತ್ತದೆ. ಅಂದರೆ ನಾನು ಡ್ರಮ್ಮು ತುಂಬಿದ ಪ್ರತಿ ಸಲವೂ ಹಳೆಯ ಮೊಟ್ಟೆಗಳಿಗೆ ಬೇಕಾದ ನೀರನ್ನು ನಾನೇ ಕೊಟ್ಟಂತಾಗುತ್ತಿತ್ತು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಕಡೆಯ ಬಿಸಿಲಿಗೆ ಏಳರಿಂದ ಹತ್ತು ದಿನ ಸಾಕು. ನೀರು ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ಎಷ್ಟೋ ಸಲ ನಾನು ಚೆಲ್ಲುವ ಮೊದಲೇ ಅವು ಹಾರಿಹೋಗಿರುತ್ತಿದ್ದವು.

ಆಸ್ಪತ್ರೆಯಿಂದ ಬಂದ ಮೇಲೆ ಡ್ರಮ್ಮನ್ನು ಅಡ್ಡ ಮಲಗಿಸಿ ಒಳಗೆ ಟಾರ್ಚ್ ಹಿಡಿದು ನೋಡಿದೆ. ನೀಲಿ ಪ್ಲಾಸ್ಟಿಕ್ಕಿನ ಮೇಲೆ, ನೀರಿನ ಕಲೆಯ ಗೆರೆಗುಂಟ, ಕಾಡಿಗೆ ಚಿಮುಕಿಸಿದ ಹಾಗೆ ಕರಿ ಚುಕ್ಕೆಗಳು. ಒಂದೊಂದೂ ಗಸಗಸೆ ಕಾಳಿಗಿಂತ ಸಣ್ಣದು, ತುಸು ಉದ್ದ. ಬೆರಳಲ್ಲಿ ಒರೆಸಿದರೆ ಬರಲಿಲ್ಲ, ಉಗುರು ಹಾಕಿ ಕೆರೆಯಬೇಕಾಯಿತು. ಕೊಳೆ ಅಂದುಕೊಂಡು ಅಷ್ಟು ದಿನ ಬಿಟ್ಟಿದ್ದೆ.

ಹಾಗಾಗಿ ಏನು ಹಚ್ಚಲಿ ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಡಿ. ಹಗಲಲ್ಲಿ ಕಾಲಿಗೆ ಕಚ್ಚುವ ಸೊಳ್ಳೆ ದೂರದ ಗಟಾರದಿಂದ ಬಂದದ್ದಲ್ಲ. ಗಟಾರದ ಕೊಳಕು ನೀರಲ್ಲಿ ಹುಟ್ಟುವುದು ಕ್ಯುಲೆಕ್ಸ್, ಅದು ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುತ್ತದೆ. ಈಡಿಸ್ ಸದ್ದಿಲ್ಲದೆ ಕಚ್ಚುತ್ತದೆ. ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ ಅದರ ಹಾವಳಿ ಜಾಸ್ತಿ. ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಆಚೆ ಹೋಗುವುದಿಲ್ಲ. ಕಾಲ ಮೇಲೆ ಬಿಳಿ ಪಟ್ಟೆ ಇರುವ ಕರಿ ಸೊಳ್ಳೆ ಕಂಡರೆ ನಿಮ್ಮ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಹುಡುಕಿ. 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದಾಗಲೇ ರೊನಾಲ್ಡ್ ರಾಸ್, ನಿಂತ ನೀರು ಸಿಗದ ಹಾಗೆ ಮಾಡಿದರೆ ಸೊಳ್ಳೆ ಕಡಿಮೆ ಮಾಡಬಹುದು ಅನ್ನುವುದನ್ನು ಗಮನಿಸಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಅವರು ಸಿಕಂದರಾಬಾದಿನಲ್ಲಿ ಕಂಡದ್ದು ಅದಾಗಿ ಹದಿನಾಲ್ಕು ವರ್ಷಕ್ಕೆ, 1897ರಲ್ಲಿ.

ಈಗ ಡ್ರಮ್ಮಿನ ಕೆಲಸ. ನೀರು ಬರುವ ಹಿಂದಿನ ದಿನ ಖಾಲಿ ಮಾಡಿ. ತೆಂಗಿನ ನಾರು ಅಥವಾ ಗಟ್ಟಿ ಬ್ರಷ್‌ನಿಂದ, ಪಾತ್ರೆ ತೊಳೆಯುವ ಸೋಪು ಹಾಕಿ, ಬಾಯಿಯಿಂದ ತಳದವರೆಗೆ ಒತ್ತಿ ಉಜ್ಜಿ. ಡ್ರಮ್ಮಿನ ಮೈಮೇಲಿನ ಉಂಗುರದಂಥ ಮಡಿಕೆಗಳ ಸಂದಿಯಲ್ಲಿ ಮೊಟ್ಟೆ ಉಳಿಯುತ್ತವೆ, ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಬೇಕು. ತೊಳೆದ ನೀರನ್ನು ಇನ್ನೊಂದು ಬಕೆಟ್ಟಿಗೆ ಸುರಿಯಬೇಡಿ, ಬಿಸಿಲು ಬೀಳುವ ಒಣ ಮಣ್ಣಿಗೆ ಚೆಲ್ಲಿ. ತುಂಬಿದ ಮೇಲೆ ಅದರ ಜೊತೆ ಬರುವ ಮುಚ್ಚಳವನ್ನು ನಂಬಬೇಡಿ, ಅಂಚಿನಲ್ಲಿ ಸಂದಿ ಇರುತ್ತದೆ. ಹಳೆ ಹತ್ತಿ ಸೀರೆಯನ್ನು ಎರಡು ಪದರ ಮಾಡಿ ಬಾಯಿಗೆ ಹೊದಿಸಿ. ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಕತ್ತರಿಸಿ ಅಂಚಿನ ಕೆಳಗೆ ಬಿಗಿಯಾಗಿ ಕಟ್ಟಿ. ಬಟ್ಟೆ ಜೋತು ಬಿದ್ದು ನೀರಿಗೆ ತಾಗಬಾರದು. ತಾಗಿದರೆ ಒದ್ದೆಯಾದ ಬಟ್ಟೆಯ ಮೇಲೇ ಬಂದು ಮೊಟ್ಟೆ ಇಡುತ್ತದೆ. ಖಾಲಿ ಮಾಡಲಾಗದ ಸಂಪು ಅಥವಾ ಬಾವಿಯಾದರೆ ಗಪ್ಪಿ ಮೀನು ಬಿಡಿ. ಆರೋಗ್ಯ ಇಲಾಖೆಯವರೂ ನೀರಲ್ಲಿರುವ ಸೊಳ್ಳೆಮರಿ (ಲಾರ್ವಾ) ತಿನ್ನಲು ಗಪ್ಪಿ, ಗಾಂಬೂಸಿಯಾ ಮೀನುಗಳನ್ನು ಬಿಡುತ್ತಾರೆ. ಓವರ್‌ಹೆಡ್ ಟ್ಯಾಂಕಿನ ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿಗೆ, ಶೌಚಗುಂಡಿಯ ಗಾಳಿ ಪೈಪಿನ ತುದಿಗೆ ನೈಲಾನ್ ಜಾಲರಿ ಕಟ್ಟಿ. ಗುಂಡಿಯ ಪೈಪು ಬಿಟ್ಟರೆ ರಾತ್ರಿಯ ಸೊಳ್ಳೆ ಅಲ್ಲಿಂದಲೇ ಏಳುತ್ತದೆ.

ಉಳಿದ ಜಾಗಗಳನ್ನು ವಾರಕ್ಕೊಮ್ಮೆ, ಒಂದು ದಿನ ಗೊತ್ತುಮಾಡಿಕೊಂಡು ತಪ್ಪದೆ ನೋಡಿ: ತುಳಸಿ ಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಕೂಲರ್, ಹಕ್ಕಿಗೆ ಇಟ್ಟ ನೀರಿನ ಬಟ್ಟಲು, ಕಿಟಕಿಯ ಸಜ್ಜಾ ಮೇಲೆ ಎಸೆದ ಟೈರು. ಮಲೆನಾಡು, ಕರಾವಳಿ ಕಡೆಯವರಾದರೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ಹಾಲು ಹಿಡಿಯುವ ಬಟ್ಟಲು. ಕಿಟಕಿಗೆ ಬಲೆ ಹಾಕಿಸುವ ಮೊದಲೇ ಇದಾಗಬೇಕು. ಮನೆಯೊಳಗೇ ಸೊಳ್ಳೆ ಹುಟ್ಟುತ್ತಿದ್ದರೆ ಬಲೆ ಅದನ್ನು ಒಳಗೇ ಕೂಡಿಹಾಕುತ್ತದೆ.

ಬಲೆಗೆ ಇಂಚಿಗೆ 18 ಉದ್ದ, 16 ಅಡ್ಡ ಎಳೆಯ ಫೈಬರ್‌ಗ್ಲಾಸ್ ಜಾಲರಿ ಸಾಕು. ಅಂಟುಪಟ್ಟಿಯ ಬಲೆ ಯಾವಾಗಲೂ ಕೆಳಗಿನ ಮೂಲೆಯಲ್ಲಿ ಬಿಡುತ್ತದೆ. ಮರದ ಚೌಕಟ್ಟಿನ ಧೂಳು ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿದರೆ ಬಾಳಿಕೆ ಬರುತ್ತದೆ. ಬಚ್ಚಲಿನ ಬೆಳಕಿಂಡಿಯನ್ನು ಎಲ್ಲರೂ ಮರೆಯುತ್ತಾರೆ, ದಯವಿಟ್ಟು ಮರೆಯಬೇಡಿ.

ಕೂಸಿಗೆ ಪರದೆ ಹಗಲಿಗೇ ಹೆಚ್ಚು ಬೇಕು. ಚದರ ಇಂಚಿಗೆ 156 ರಂಧ್ರ ಇರುವ ಪರದೆ ನೋಡಿ ತನ್ನಿ. ಅದಕ್ಕಿಂತ ದೊಡ್ಡ ಕಣ್ಣಿದ್ದರೆ ಸೊಳ್ಳೆ ನುಸುಳುತ್ತದೆ. ಪರದೆ ಮೈಗೆ ತಾಗುವಂತಿದ್ದರೆ ಹೊರಗೆ ಕೂತೇ ಕಚ್ಚುತ್ತದೆ, ಗೇಣು ಅಂತರ ಬಿಡಿ. ಕೊಡೆಯಂತೆ ಬಿಚ್ಚುವ ಪರದೆ ಚಾಪೆಯ ಅಂಚಲ್ಲಿ ಎದ್ದುಕೊಳ್ಳುತ್ತದೆ, ಸುತ್ತ ಮಡಿಸಿದ ಟವೆಲ್ ಒತ್ತಿ ಇಡಿ. ತೊಟ್ಟಿಲಿಗೆ ಕಟ್ಟುವಾಗ ದಾರ, ಲಾಡಿ ಯಾವುದೂ ಮಗುವಿನ ಕೈಗೆಟುಕಬಾರದು. ಎಚ್ಚರವಿದ್ದು ಆಡುವಾಗ ತಿಳಿ ಬಣ್ಣದ, ಪಾದ ಮುಚ್ಚುವ ತೆಳು ಹತ್ತಿ ಬಟ್ಟೆ ಹಾಕಿ. ಒಂದು ಟೇಬಲ್ ಫ್ಯಾನನ್ನು ನೆಲಮಟ್ಟದಲ್ಲಿ, ಕೈಗೆ ಸಿಗದ ದೂರದಲ್ಲಿ, ಮುಖಕ್ಕಲ್ಲದೆ ಕಾಲ ಕಡೆಗೆ ತಿರುಗಿಸಿ. ಸೊಳ್ಳೆ ಬಲವಾಗಿ ಹಾರುವ ಜೀವಿಯಲ್ಲ, ಆ ಗಾಳಿಗೆ ಕೂರಲಾರದು. ಮೇಲಿನ ಫ್ಯಾನಿನ ಗಾಳಿ ಮಂಚದ ಕೆಳಗೆ ಹೋಗುವುದಿಲ್ಲ, ಈಡಿಸ್ ಅಡಗುವುದು ಅಲ್ಲಿಯೇ. ನೇತುಹಾಕಿದ ಕಪ್ಪು ಬಟ್ಟೆಗಳ ಹಿಂದೆಯೂ ಇರುತ್ತದೆ. ಬೆಳಿಗ್ಗೆ ಒಮ್ಮೆ ಬಟ್ಟೆ ಕೊಡವಿ ವಿದ್ಯುತ್ ಬ್ಯಾಟ್ ಆಡಿಸಿ.

ಇನ್ನು ನೀವು ಕೇಳಿದ ಬೇವು, ಕರ್ಪೂರ. ಗಿಡದಿಂದ ಬಂದದ್ದೆಲ್ಲ ಕೂಸಿಗೆ ಸೌಮ್ಯ ಅನ್ನುವ ನಂಬಿಕೆಯೇ ತಪ್ಪು. ಎಂಟು ತಿಂಗಳ ಮಗು ತನ್ನ ಕಾಲ ಬೆರಳನ್ನೇ ಬಾಯಿಗೆ ಹಾಕುತ್ತದೆ. ಬೇವಿನೆಣ್ಣೆ ಹೊಟ್ಟೆಗೆ ಹೋಗಿ ಶಿಶುಗಳಿಗೆ ವಾಂತಿ, ಫಿಟ್ಸ್, ಮಿದುಳಿನ ತೊಂದರೆ ಆದದ್ದು ವೈದ್ಯರ ದಾಖಲೆಗಳಲ್ಲಿದೆ. ಕರ್ಪೂರ ನುಂಗಿದರೂ ಫಿಟ್ಸ್ ಬರುತ್ತದೆ. ನಿಂಬೆ ನೀಲಗಿರಿ ಎಣ್ಣೆಯ ತಯಾರಿಕೆಗಳನ್ನು ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಬೇವಿನ ಎಲೆ ಸುಟ್ಟರೂ ಹೊಗೆ ಹೊಗೆಯೇ, ಸಣ್ಣ ಶ್ವಾಸಕೋಶಕ್ಕೆ ಅದು ಕಾಯಿಲ್‌ಗಿಂತ ಒಳ್ಳೆಯದಲ್ಲ. ಕೈಗೆ ಕಟ್ಟುವ ಬ್ಯಾಂಡು, ಸದ್ದು ಮಾಡುವ ಪ್ಲಗ್ಗಿಗೆ ದುಡ್ಡು ಹಾಕಬೇಡಿ.

ರಾಸಾಯನಿಕವೇ ಬೇಡ ಅನ್ನುವ ಹಟವನ್ನೂ ತುಸು ಸಡಿಲಿಸಿ. ಓಣಿಯಲ್ಲಿ ಡೆಂಗಿ ಎದ್ದಿರುವಾಗ, ಎರಡು ತಿಂಗಳು ದಾಟಿದ ಮಗುವಿಗೆ ವೈದ್ಯರು ಹೇಳಿದ ಪ್ರಮಾಣದ ಡೀಟ್ (ಸೊಳ್ಳೆ ಹತ್ತಿರ ಸುಳಿಯದಂತೆ ಮಾಡುವ ರಾಸಾಯನಿಕ) ಇರುವ ಕ್ರೀಮು ಮನೆಮದ್ದಿನ ಎಣ್ಣೆಗಿಂತ ನಂಬಿಕೆಗೆ ಅರ್ಹ. ನಿಮ್ಮ ಅಂಗೈಗೆ ಹಾಕಿಕೊಂಡು ಮಗುವಿನ ಬಟ್ಟೆಯ ಹೊರಗಿರುವ ಚರ್ಮಕ್ಕೆ ತೆಳುವಾಗಿ ಸವರಿ. ಅದರ ಕೈಗೆ, ಕಣ್ಣು ಬಾಯಿಯ ಹತ್ತಿರ ಬೇಡ. ಒಳಗೆ ಬಂದ ಮೇಲೆ ಸೋಪಿನಿಂದ ತೊಳೆಯಿರಿ. ಇಷ್ಟಾದ ಮೇಲೂ ಜ್ವರ ಬಂದರೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವದ ಭಯವಿದೆ. ಜ್ವರ ಇಳಿದ ದಿನವೇ ಹೆಚ್ಚು ಎಚ್ಚರವಿರಬೇಕು. ಪದೇಪದೇ ವಾಂತಿ, ಮಂಪರು, ಹಾಲು ಕುಡಿಯದಿರುವುದು, ಮೂತ್ರ ಕಡಿಮೆಯಾಗುವುದು ಕಂಡರೆ ಆಗಲೇ ಹೊರಡಿ.

ಇವತ್ತೇ ಒಂದು ಕೆಲಸ ಮಾಡಿ. ಫ್ರಿಜ್ಜಿನ ಪ್ಲಗ್ ತೆಗೆದು, ಹಿಂದೆ ಕಂಪ್ರೆಸರ್ ಮೇಲಿರುವ ತಟ್ಟೆಗೆ ಟಾರ್ಚ್ ಬಿಡಿ. ನೀರಿದ್ದರೆ ಒಂದು ನಿಮಿಷ ಅಲುಗಾಡದೆ ನೋಡಿ, ಆಮೇಲೆ ಅದರ ಮೇಲೆ ಕೈಯ ನೆರಳು ಹಾಯಿಸಿ. ಎಳೆಯಷ್ಟು ಸಣ್ಣದೇನೋ ಬಳುಕುತ್ತಾ ತಳಕ್ಕಿಳಿದರೆ ನಿಮ್ಮ ಕೂಸನ್ನು ಕಚ್ಚುವ ಸೊಳ್ಳೆ ಅಲ್ಲೇ ಹುಟ್ಟುತ್ತಿದೆ. ನಮ್ಮ ಎರಡನೆಯ ಜಾಗ ಅದೇ ಆಗಿತ್ತು. ತಟ್ಟೆ ಬಿಚ್ಚಲು ಬಂದರೆ ತೆಗೆದು ಉಜ್ಜಿ, ಬಾರದಿದ್ದರೆ ಸ್ಪಂಜಿನಿಂದ ನೀರು ಹೀರಿಸಿ, ನಾಲ್ಕೂ ಬದಿಯನ್ನು ಬ್ರಷ್‌ನಿಂದ ಕೆರೆಯಿರಿ.